ಬಳಕೆದಾರ ಕೊಟ್ಟ ಲೆಕ್ಕವನ್ನು ನಂಬಬೇಡಿ: ನೆಟ್‌ವರ್ಕ್ ಡ್ರೈವರ್‌ನ ಒಂದು ಆಜ್ಞೆ, ನಾಲ್ಕು ತಪ್ಪು

ಇವತ್ತು ಮಾತಾಡ್ತಾ ಇರೋದು ಕಣ್ಣಿಗೆ ಕಾಣದ ಒಂದು ಜಾಗದ ಬಗ್ಗೆ. ನಿಮ್ಮ ಫೋನ್‌ನಲ್ಲಿ ವೈಫೈ ಐಕಾನ್ ಕಾಣುತ್ತೆ, ಡೇಟಾ ಐಕಾನ್ ಕಾಣುತ್ತೆ. ಅದರ ಹಿಂದೆ, ಆಪ್‌ಗಳನ್ನೆಲ್ಲ ದಾಟಿ ಕೆಳಗಿಳಿದರೆ, ಆಪರೇಟಿಂಗ್ ಸಿಸ್ಟಮ್‌ನ ತಳದಲ್ಲಿ ನೆಟ್‌ವರ್ಕ್ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇರುತ್ತೆ. ಚಿಪ್ ಜೊತೆ ಮಾತಾಡೋದು ಅದರ ಕೆಲಸ. ಈ ಡ್ರೈವರ್‌ಗೆ ಮೇಲಿನಿಂದ ಯಾವುದೋ ಪ್ರೋಗ್ರಾಂ ಒಂದು ಸಂಖ್ಯೆ ಕೊಟ್ಟರೆ, ಅದು ಆ ಸಂಖ್ಯೆಯನ್ನು ನಂಬಬೇಕಾ, ಬೇಡವಾ? ಇವತ್ತಿನ ಪ್ರಶ್ನೆ ಇಷ್ಟೇ.

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ 2010ರಲ್ಲಿ ಲಿನಕ್ಸ್ ಕರ್ನಲ್‌ನ ಒಂದೇ ಆಜ್ಞೆ, ಅದರೊಳಗಿನ ಒಂದೇ ಒಂದು ಸಂಖ್ಯೆ, ಒಂದೇ ವರ್ಷದಲ್ಲಿ ಮೂರು ಬೇರೆ ಬೇರೆ ಲೋಪಗಳಿಗೆ ಕಾರಣವಾಯಿತು. 2018ರಲ್ಲಿ ಅದೇ ಫಂಕ್ಷನ್‌ನಲ್ಲಿ ನಾಲ್ಕನೇದೂ ಸಿಕ್ಕಿತು. ನಾಲ್ಕೂ ಲೋಪ ಬೇರೆ ಬೇರೆ, ಬೇರು ಮಾತ್ರ ಒಂದೇ: ಬಳಕೆದಾರ ಹೇಳಿದ್ದನ್ನು ಸರಿಯಾದ ಸಮಯಕ್ಕೆ, ಸರಿಯಾದ ಲೆಕ್ಕದಲ್ಲಿ ಪರೀಕ್ಷೆ ಮಾಡದೇ ಇದ್ದದ್ದು. ಕೋಡ್ ಬರೆಯೋರಿಗೂ, ಬರೆಯದೆ ಫೋನ್ ಮಾತ್ರ ಬಳಸೋರಿಗೂ ಈ ಕಥೆಯಲ್ಲಿ ತಿಳ್ಕೊಳ್ಳೋದು ಇದೆ.

ಕರ್ನಲ್ ಒಳಗೆ ತಪ್ಪಾದರೆ ಏನಾಗುತ್ತೆ?

ಮೊದಲು ಸ್ವಲ್ಪ ಹಿನ್ನೆಲೆ. ಕಂಪ್ಯೂಟರ್ ಆಗಲಿ, ಫೋನ್ ಆಗಲಿ, ಒಳಗೆ ಎರಡು ಲೋಕ ಇರುತ್ತೆ. ಒಂದು ಬಳಕೆದಾರನ ಲೋಕ. ಬ್ರೌಸರ್, ಗೇಮ್, ಬ್ಯಾಂಕ್ ಆಪ್ ಎಲ್ಲ ಅಲ್ಲಿ. ಪ್ರತಿಯೊಂದಕ್ಕೂ ಅದರದ್ದೇ ಕೋಣೆ, ಒಬ್ಬರ ಕೋಣೆಗೆ ಇನ್ನೊಬ್ಬರು ಇಣುಕೋ ಹಾಗಿಲ್ಲ. ಇನ್ನೊಂದು ಕರ್ನಲ್ ಲೋಕ. ಆ ಕೋಣೆಗಳ ಗೋಡೆ ಕಟ್ಟಿದ್ದೇ ಕರ್ನಲ್. ಎಲ್ಲ ಕೋಣೆಗಳ ಬೀಗದ ಕೈಯೂ ಅದರ ಹತ್ತಿರವೇ ಇರುತ್ತೆ.

ಒಂದು ಗೇಮ್ ತನ್ನ ಮೆಮೊರಿಯಲ್ಲಿ ತಪ್ಪು ಜಾಗಕ್ಕೆ ಬರೆದರೆ ಏನಾಗುತ್ತೆ? ಗೇಮ್ ಮುಚ್ಚಿಹೋಗುತ್ತೆ, ನೀವು ಮತ್ತೆ ತೆರೀತೀರಿ, ಮುಗೀತು. ಅದೇ ತಪ್ಪು ಕರ್ನಲ್ ಒಳಗೆ ಆದರೆ ಹಿಡಿಯೋರು ಯಾರೂ ಇಲ್ಲ. ಅದೃಷ್ಟ ಚೆನ್ನಾಗಿದ್ದರೆ ಇಡೀ ಯಂತ್ರ ನಿಂತುಹೋಗುತ್ತೆ. ಕೆಟ್ಟಿದ್ದರೆ ಯಂತ್ರ ನಿಲ್ಲೋದೇ ಇಲ್ಲ, ಆದರೆ ಅದರ ಯಜಮಾನ ಬದಲಾಗಿರ್ತಾನೆ. ಸಾಮಾನ್ಯ ಬಳಕೆದಾರನಾಗಿ ಲಾಗಿನ್ ಆದವನು ರೂಟ್ ಆಗಿಬಿಡ್ತಾನೆ.

ಡ್ರೈವರ್‌ಗಳು ಈ ಕರ್ನಲ್ ಲೋಕದಲ್ಲೇ ಓಡುತ್ತವೆ. ಲಿನಕ್ಸ್‌ನಲ್ಲಿ ಬಹುತೇಕ ನೆಟ್‌ವರ್ಕ್ ಡ್ರೈವರ್‌ಗಳಿಗೆ ಕರ್ನಲ್‌ನ ಪೂರ್ತಿ ಅಧಿಕಾರ ಇರುತ್ತೆ. ಹಾಗಾಗಿ ಡ್ರೈವರ್‌ನಲ್ಲಿ ಬಿಟ್ಟುಹೋದ ಒಂದು ಸಾಲು ಅಂದ್ರೆ ಕರ್ನಲ್‌ನಲ್ಲೇ ಬಿಟ್ಟುಹೋದ ಸಾಲು.

ಆದರೆ ಈ ಎರಡು ಲೋಕ ಮಾತಾಡಲೇಬೇಕಲ್ವಾ? ಅದಕ್ಕೆ ಬಾಗಿಲುಗಳಿವೆ, ಸಿಸ್ಟಮ್ ಕಾಲ್ ಅಂತ ಹೆಸರು. ಅದರಲ್ಲಿ ಒಂದು ಬಾಗಿಲು ಐಆಕ್ಟಲ್. ಇನ್‌ಪುಟ್ ಔಟ್‌ಪುಟ್ ಕಂಟ್ರೋಲ್ ಅನ್ನೋದರ ಚಿಕ್ಕ ರೂಪ. ಓದೋದು, ಬರೆಯೋದು ಅಂತ ನೇರವಾಗಿ ಹೇಳೋಕಾಗದ ಎಲ್ಲ ಕೆಲಸಗಳೂ ಈ ಬಾಗಿಲಲ್ಲಿ ಬರುತ್ತವೆ. ಪ್ರೋಗ್ರಾಂ ಒಂದು ಆಜ್ಞೆಯ ಸಂಖ್ಯೆ ಕೊಡುತ್ತೆ, ಜೊತೆಗೆ ತನ್ನ ಮೆಮೊರಿಯ ಒಂದು ವಿಳಾಸ ಕೊಡುತ್ತೆ. ಕರ್ನಲ್ ಆ ವಿಳಾಸಕ್ಕೆ ಹೋಗಿ, ಅಲ್ಲಿರೋ ಅರ್ಜಿಯನ್ನು ಓದಿ, ಕೆಲಸ ಮಾಡಿ, ಉತ್ತರವನ್ನು ಅಲ್ಲೇ ಬರೆದು ಬರುತ್ತೆ.

ಇಥ್‌ಟೂಲ್ ಮತ್ತು ಆ ಒಂದು ಸಂಖ್ಯೆ

ಲಿನಕ್ಸ್‌ನಲ್ಲಿ ಇಥ್‌ಟೂಲ್ ಅಂತ ಒಂದು ಸಾಧನ ಇದೆ. ನೆಟ್‌ವರ್ಕ್ ಕಾರ್ಡ್‌ನ ವೇಗ ಎಷ್ಟು, ಕೇಬಲ್ ಸಿಕ್ಕಿಸಿದೆಯಾ, ಎಷ್ಟು ಪ್ಯಾಕೆಟ್ ಬಂತು ಅಂತ ಕೇಳೋದಕ್ಕೆ ಸಿಸ್ಟಮ್ ಅಡ್ಮಿನ್‌ಗಳು ದಿನಾ ಬಳಸ್ತಾರೆ. ಇದು ಆಗ ಕರ್ನಲ್ ಜೊತೆ ಮಾತಾಡ್ತಾ ಇದ್ದದ್ದು ಐಆಕ್ಟಲ್ ಮೂಲಕವೇ.

ದೊಡ್ಡ ಸರ್ವರ್‌ಗಳ ಕಾರ್ಡ್‌ಗಳಲ್ಲಿ ನಿಯಮಗಳನ್ನು ಇಡೋ ಸೌಲಭ್ಯ ಇರುತ್ತೆ. ಈ ಥರದ ಪ್ಯಾಕೆಟ್ ಬಂದರೆ ಈ ಸಾಲಿಗೆ ಕಳಿಸು, ಆ ಥರದ್ದು ಬಂದರೆ ಎಸೆದುಬಿಡು, ಹೀಗೆ. ಕಾರ್ಡ್‌ನಲ್ಲಿ ಈಗ ಯಾವ್ಯಾವ ನಿಯಮ ಇದೆ ಅಂತ ಪಟ್ಟಿ ಕೇಳೋದಕ್ಕೆ ಇಥ್‌ಟೂಲ್‌ನಲ್ಲಿ ಒಂದು ಆಜ್ಞೆ ಇದೆ. ಅರ್ಜಿಯಲ್ಲಿ ಬಳಕೆದಾರ ಒಂದು ಸಂಖ್ಯೆ ಬರೀಬೇಕು: ಎಷ್ಟು ನಿಯಮಕ್ಕೆ ಜಾಗ ಇಟ್ಟುಕೊಂಡು ಬಂದಿದ್ದೀನಿ ಅಂತ. ಕರ್ನಲ್ ಕೋಡ್‌ನಲ್ಲಿ ಇದರ ಹೆಸರು ರೂಲ್ ಕೌಂಟ್. ಪಟ್ಟಿಯ ಪ್ರತಿ ನಮೂದಿಗೆ 4 ಬೈಟ್ ಬೇಕು. ಕರ್ನಲ್ ರೂಲ್ ಕೌಂಟ್ ಅನ್ನು 4ರಿಂದ ಗುಣಿಸಿ, ಅಷ್ಟು ಮೆಮೊರಿ ಪಡೆದು, ಅದನ್ನು ಡ್ರೈವರ್ ಕೈಗೆ ಕೊಟ್ಟು 'ತುಂಬಿಸು' ಅನ್ನುತ್ತೆ. ಡ್ರೈವರ್ ತುಂಬಿಸಿದ ಮೇಲೆ ಅದನ್ನು ಬಳಕೆದಾರನಿಗೆ ನಕಲು ಮಾಡಿ ಕೊಡುತ್ತೆ.

ಹೋಟೆಲ್‌ಗೆ ಮನೆಯಿಂದ ಡಬ್ಬಿ ತಗೊಂಡು ಹೋಗಿ ಸಾಂಬಾರ್ ಕಟ್ಟಿಸಿಕೊಂಡ ಹಾಗೆ ಅಂದುಕೊಳ್ಳಿ. ಡಬ್ಬಿ ಎಷ್ಟು ದೊಡ್ಡದು ಅಂತ ಹೇಳೋದು ಗಿರಾಕಿ. ಸುರಿಯೋದು ಹೋಟೆಲ್‌ನವರು.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಕಾರ್ಡ್‌ನ ನಿಯಮ ಬದಲಾಯಿಸಬೇಕಂದ್ರೆ ಅಡ್ಮಿನ್ ಅಧಿಕಾರ ಬೇಕು. ಆದರೆ ಈ ಆಜ್ಞೆ ಬರೀ ಓದೋದು ತಾನೇ, ಅದಕ್ಕೆ ಯಾವ ಅಧಿಕಾರವೂ ಬೇಕಾಗಿರಲಿಲ್ಲ. ಆ ಯಂತ್ರದಲ್ಲಿ ಖಾತೆ ಇರೋ ಯಾರು ಬೇಕಾದರೂ ಕೇಳಬಹುದಿತ್ತು.

ಮೊದಲನೇ ತಪ್ಪು: ಸಂಖ್ಯೆ ತುಂಬಾ ದೊಡ್ಡದಾದರೆ?

2010ರ ಜೂನ್. ಬೆನ್ ಹಚಿಂಗ್ಸ್ ಅನ್ನೋ ಕರ್ನಲ್ ಡೆವಲಪರ್ ಒಂದು ತಿದ್ದುಪಡಿ ಕಳಿಸಿದರು. ವಿಷಯ ಶುದ್ಧ ಗಣಿತ.

ಹಳೇ ಸ್ಕೂಟರ್‌ನ ಕಿಲೋಮೀಟರ್ ಮೀಟರ್ ನೆನಪಿದೆಯಾ? 99,999 ಆದ ಮೇಲೆ ಮುಂದಿನದು 1,00,000 ಅಲ್ಲ, 00,000. ಮೀಟರ್‌ನಲ್ಲಿ ಐದೇ ಮನೆ ಇರೋದರಿಂದ ಆರನೇ ಅಂಕಿಗೆ ಜಾಗ ಇಲ್ಲ. 32 ಬಿಟ್ ಯಂತ್ರದಲ್ಲೂ ಅದೇ ಕಥೆ. ಅಲ್ಲಿ ಮೀಟರ್ 429,49,67,295ರ ತನಕ ಹೋಗುತ್ತೆ, ಆಮೇಲೆ ಸೊನ್ನೆ.

ಈಗ ಒಬ್ಬ ಬಳಕೆದಾರ ರೂಲ್ ಕೌಂಟ್ ಜಾಗದಲ್ಲಿ 107,37,41,825 ಅಂತ ಬರೀತಾನೆ. ಕರ್ನಲ್ ಅದನ್ನು 4ರಿಂದ ಗುಣಿಸುತ್ತೆ. ನಿಜವಾದ ಉತ್ತರ 429,49,67,300. ಆದರೆ ಮೀಟರ್ ತಿರುಗಿ ಸೊನ್ನೆಗೆ ಬಂದು, ಉಳಿಯೋದು ಬರೀ 4. ಅಂದ್ರೆ ಕರ್ನಲ್ 4 ಬೈಟ್ ಮೆಮೊರಿ ಪಡೆದು, ಇದರಲ್ಲಿ 107 ಕೋಟಿ ನಮೂದು ಹಿಡಿಸುತ್ತೆ ಅಂತ ಡ್ರೈವರ್‌ಗೆ ಹೇಳುತ್ತೆ. ಡ್ರೈವರ್ ಮೊದಲನೇ ನಮೂದು ಬರೆಯುತ್ತೆ, ಸರಿ. ಎರಡನೇದು ಪಕ್ಕದವರ ಮೆಮೊರಿ ಮೇಲೆ ಬೀಳುತ್ತೆ. ಪಕ್ಕದಲ್ಲಿ ಯಾರಿದ್ದಾರೆ? ಕರ್ನಲ್‌ನ ಇನ್ಯಾವುದೋ ಭಾಗದ ಮಾಹಿತಿ.

ಇದಕ್ಕೆ ಮಾಡಿದ ತಿದ್ದುಪಡಿ ಚಿಕ್ಕದು, ಆದರೆ ಅದರಲ್ಲಿ ಒಂದು ಜಾಣತನ ಇದೆ. 'ಗುಣಿಸಿದ ಉತ್ತರ ದೊಡ್ಡದಾಯಿತಾ' ಅಂತ ಕೇಳಿದರೆ ಪ್ರಯೋಜನ ಇಲ್ಲ, ಯಾಕಂದ್ರೆ ಉತ್ತರವೇ ಸುಳ್ಳಾಗಿದೆ. ಹಾಗಾಗಿ ಭಾಗಾಕಾರ ಮಾಡಿದರು. ಕರ್ನಲ್ ಒಂದು ಸಲಕ್ಕೆ ಕೊಡಬಹುದಾದ ಗರಿಷ್ಠ ಮೆಮೊರಿಯನ್ನು 4ರಿಂದ ಭಾಗಿಸು. ಬಳಕೆದಾರನ ಸಂಖ್ಯೆ ಅದಕ್ಕಿಂತ ಜಾಸ್ತಿ ಇದ್ದರೆ ಬಾಗಿಲಲ್ಲೇ ವಾಪಸ್ ಕಳಿಸು. ಲೆಕ್ಕ ಮಾಡಿದ ಮೇಲೆ ಪರೀಕ್ಷೆ ಅಲ್ಲ, ಲೆಕ್ಕಕ್ಕೆ ಮೊದಲೇ ಪರೀಕ್ಷೆ.

ಎರಡನೇ ತಪ್ಪು: ಸಂಖ್ಯೆ ತುಂಬಾ ಚಿಕ್ಕದಾದರೆ?

ಸರಿ, ದೊಡ್ಡ ಸಂಖ್ಯೆಯನ್ನು ತಡೆದಾಯಿತು. ಚಿಕ್ಕ ಸಂಖ್ಯೆ ಕೊಟ್ಟರೆ ಅಪಾಯ ಏನು ಅಂತ ನಿಮಗೆ ಅನ್ನಿಸಬಹುದು. ಅಪಾಯ ಇತ್ತು, ಅದೂ ಡ್ರೈವರ್ ಒಳಗೇ.

ಆಗ ಈ ಪಟ್ಟಿ ಕೊಡೋ ಆಜ್ಞೆಗೆ ಉತ್ತರ ಕೊಡ್ತಾ ಇದ್ದದ್ದು ಒಂದೇ ಡ್ರೈವರ್. ಹೆಸರು ನಿಯು. ಸನ್ ಮೈಕ್ರೋಸಿಸ್ಟಮ್ಸ್‌ನ ನೆಪ್ಚೂನ್ ಅನ್ನೋ 10 ಗಿಗಾಬಿಟ್ ಕಾರ್ಡ್‌ನ ಡ್ರೈವರ್ ಅದು. ಕಾರ್ಡ್‌ನಲ್ಲಿರೋ ನಿಯಮಗಳನ್ನೆಲ್ಲ ಒಂದೊಂದಾಗಿ ನೋಡಿ, ಚಾಲ್ತಿಯಲ್ಲಿರೋದನ್ನು ಪಟ್ಟಿಗೆ ಬರೆಯುತ್ತಿತ್ತು. ಪಟ್ಟಿ ಮುಗಿದ ಮೇಲೆ, ಬಳಕೆದಾರ ಹೇಳಿದ ಲೆಕ್ಕಕ್ಕೂ ಬರೆದ ಲೆಕ್ಕಕ್ಕೂ ತಾಳೆ ಆಗದಿದ್ದರೆ ಒಂದು ಎಚ್ಚರಿಕೆ ಮುದ್ರಿಸುತ್ತಿತ್ತು.

ಕೇಳಿಸಿಕೊಂಡ್ರಾ? ಬರೆದಾದ ಮೇಲೆ ಎಚ್ಚರಿಕೆ. ಕಾರ್ಡ್‌ನಲ್ಲಿ 50 ನಿಯಮ ಇದೆ, ಬಳಕೆದಾರ 2ಕ್ಕೆ ಮಾತ್ರ ಜಾಗ ತಂದಿದ್ದಾನೆ ಅಂದುಕೊಳ್ಳಿ. ಡ್ರೈವರ್ ಐವತ್ತನ್ನೂ ಸುರಿಯುತ್ತೆ. ಡಬ್ಬಿ ತುಂಬಿ, ಟೇಬಲ್ ಮೇಲೆಲ್ಲ ಹರಿದು, ಪಕ್ಕದವರ ಬಟ್ಟೆಗೆ ಬಿದ್ದ ಮೇಲೆ 'ಸ್ವಾಮಿ, ಡಬ್ಬಿ ಚಿಕ್ಕದಿತ್ತು' ಅಂದ ಹಾಗೆ. ಪರೀಕ್ಷೆ ಇತ್ತು. ಸರಿಯಾದ ಪರೀಕ್ಷೆಯೇ ಇತ್ತು. ಬಂದದ್ದು ತಡವಾಗಿ.

ಇದನ್ನೂ 2010ರಲ್ಲೇ ಬೆನ್ ಹಚಿಂಗ್ಸ್ ಸರಿಪಡಿಸಿದರು. ಪ್ರತಿ ನಮೂದು ಬರೆಯೋಕೆ ಮೊದಲು ಒಂದು ಪ್ರಶ್ನೆ: ಇಲ್ಲಿಯವರೆಗೆ ಬರೆದದ್ದು ಬಳಕೆದಾರ ಹೇಳಿದ ಸಂಖ್ಯೆಯಷ್ಟು ಆಯಿತಾ? ಆಗಿದ್ದರೆ ನಿಲ್ಲಿಸು, ದೋಷ ಅಂತ ಹೇಳಿ ವಾಪಸ್ ಬಾ.

ಯಾಕೆ ಹೀಗೆ ಬರೆದಿದ್ದರು ಅನ್ನೋದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ಇಥ್‌ಟೂಲ್ ಸಾಧನ ಸಭ್ಯ ಗಿರಾಕಿ. ಅದು ಮೊದಲು 'ಒಟ್ಟು ಎಷ್ಟು ನಿಯಮ ಇದೆ' ಅಂತ ಬೇರೆ ಆಜ್ಞೆಯಲ್ಲಿ ಕೇಳುತ್ತೆ. ಉತ್ತರ ಬಂದ ಮೇಲೆ ಸರಿಯಾಗಿ ಅಷ್ಟೇ ಜಾಗ ಇಟ್ಟುಕೊಂಡು ಪಟ್ಟಿ ಕೇಳುತ್ತೆ. ಅಂಥ ಗಿರಾಕಿಯನ್ನು ಮನಸ್ಸಲ್ಲಿಟ್ಟುಕೊಂಡು ಕೋಡ್ ಬರೆದರೆ ಲೆಕ್ಕ ಯಾವಾಗಲೂ ತಾಳೆ ಆಗುತ್ತೆ. ಆದರೆ ಬಾಗಿಲು ಇಥ್‌ಟೂಲ್‌ಗೆ ಮಾತ್ರ ತೆರೆದಿಲ್ಲ. ನೀವು ಸಿ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದು ಅದೇ ಐಆಕ್ಟಲ್ ಅನ್ನು ನೇರವಾಗಿ ಕರೆಯಬಹುದು, ಯಾವ ಸಂಖ್ಯೆ ಬೇಕಾದರೂ ಹಾಕಬಹುದು.

ಇನ್ನೂ ಒಂದು ಮಾತು. ಸಭ್ಯ ಗಿರಾಕಿ ಬಂದರೂ ಈ ಕೋಡ್ ಕೆಡಬಹುದಿತ್ತು. ಅವನು ಎಣಿಕೆ ಕೇಳಿದ. 10 ಅಂತ ಉತ್ತರ ಬಂತು. ಅವನು ಪಟ್ಟಿ ಕೇಳೋದರೊಳಗೆ ಅಡ್ಮಿನ್ ಹನ್ನೊಂದನೇ ನಿಯಮ ಸೇರಿಸಿಬಿಟ್ಟ. ಈಗ ಯಾರ ತಪ್ಪೂ ಇಲ್ಲದೆ ಡಬ್ಬಿ ಉಕ್ಕುತ್ತೆ. ಅದಕ್ಕೇ ಇನ್‌ಪುಟ್ ಪರೀಕ್ಷೆ ಅಂದ್ರೆ ಕಳ್ಳರಿಗೆ ಮಾತ್ರ ಅಲ್ಲ, ಪ್ರಾಮಾಣಿಕರಿಗೂ ಅದು ಬೇಕು.

ಮೂರನೇ ತಪ್ಪು: ಡಬ್ಬಿ ತೊಳೆದಿರಲಿಲ್ಲ

ಅದೇ 2010, ಅಕ್ಟೋಬರ್. ಈ ಸಲ ಕೀಸ್ ಕುಕ್ ಅನ್ನೋ ಭದ್ರತಾ ತಜ್ಞ ಅದೇ ಆಜ್ಞೆಯಲ್ಲಿ ಇನ್ನೊಂದು ಹುಳುಕು ಸರಿಪಡಿಸಿದರು. ಇದರಲ್ಲಿ ಏನೂ ಉಕ್ಕೋದಿಲ್ಲ, ಯಂತ್ರ ನಿಲ್ಲೋದೂ ಇಲ್ಲ.

ಬಳಕೆದಾರ ದೊಡ್ಡ ಸಂಖ್ಯೆ ಕೊಡ್ತಾನೆ, ಆದರೆ ಮಿತಿಯೊಳಗೇ. ಸಾವಿರ ಅಂದುಕೊಳ್ಳಿ. ಕರ್ನಲ್ 4,000 ಬೈಟ್ ಮೆಮೊರಿ ಪಡೆಯುತ್ತೆ. ಕಾರ್ಡ್‌ನಲ್ಲಿ ಇರೋದು 3 ನಿಯಮ, ಡ್ರೈವರ್ 12 ಬೈಟ್ ಬರೆಯುತ್ತೆ. ಆಮೇಲೆ ಕರ್ನಲ್ ಆ 4,000 ಬೈಟನ್ನೂ ಬಳಕೆದಾರನಿಗೆ ನಕಲು ಮಾಡಿ ಕೊಟ್ಟುಬಿಡುತ್ತೆ. ಉಳಿದ 3,988 ಬೈಟ್‌ನಲ್ಲಿ ಏನಿತ್ತು? ಆ ಮೆಮೊರಿಯನ್ನು ಹಿಂದೆ ಬಳಸಿದವರು ಬಿಟ್ಟುಹೋದದ್ದು. ಅದು ಕರ್ನಲ್‌ನ ಒಳವಿಳಾಸ ಇರಬಹುದು, ಇನ್ನೊಬ್ಬ ಬಳಕೆದಾರನ ಗುಟ್ಟಿನ ಮಾಹಿತಿಯೂ ಇರಬಹುದು.

ಹಿಂದಿನ ಗಿರಾಕಿಯ ಪಾತ್ರೆಯನ್ನು ತೊಳೆಯದೆ ನಿಮಗೆ ಕೊಟ್ಟ ಹಾಗೆ. ಪರಿಹಾರವೂ ಅಷ್ಟೇ ಸರಳ: ಮೆಮೊರಿ ಪಡೆಯುವಾಗಲೇ ಅದನ್ನೆಲ್ಲ ಸೊನ್ನೆಯಿಂದ ತುಂಬಿಸೋ ಫಂಕ್ಷನ್ ಬಳಸೋದು. ಕೋಡ್‌ನಲ್ಲಿ ಬದಲಾದದ್ದು ಒಂದು ಹೆಸರು ಮಾತ್ರ, ಕೆ-ಮ್ಯಾಲಕ್ ಇದ್ದಲ್ಲಿ ಕೆ-ಜೆಡ್-ಅಲಕ್.

ಒಳಗೆ ಬರೋದನ್ನು ಪರೀಕ್ಷೆ ಮಾಡೋ ಹಾಗೆ ಹೊರಗೆ ಹೋಗೋದನ್ನೂ ನೋಡಬೇಕು ಅನ್ನೋದು ಇಲ್ಲಿನ ಪಾಠ. ಬಳಕೆದಾರನ ಸಂಖ್ಯೆಯೇ ನೀವು ಹೊರಗೆ ಕೊಡೋ ಬೈಟ್‌ಗಳ ಲೆಕ್ಕವನ್ನೂ ತೀರ್ಮಾನ ಮಾಡ್ತಾ ಇದೆ.

ನಾಲ್ಕನೇ ತಪ್ಪು: ಎರಡು ಸಲ ಓದಿದ್ದು

ಎಂಟು ವರ್ಷ ಕಳೀತು. 2018ರ ಅಕ್ಟೋಬರ್. ಅದೇ ಫಂಕ್ಷನ್‌ಗೆ ಇನ್ನೊಂದು ತಿದ್ದುಪಡಿ ಬಂತು.

ಕರ್ನಲ್ ಅರ್ಜಿಯನ್ನು ಒಂದೇ ಸಲಕ್ಕೆ ಓದುತ್ತಾ ಇರಲಿಲ್ಲ. ಮೊದಲು ಅರ್ಜಿಯ ತಲೆಯಲ್ಲಿರೋ ಆಜ್ಞೆಯ ಸಂಖ್ಯೆಯನ್ನು ಮಾತ್ರ ಓದುತ್ತೆ. ಅದನ್ನು ನೋಡಿ ಇದಕ್ಕೆ ಅಧಿಕಾರ ಬೇಕಾ, ಯಾವ ಫಂಕ್ಷನ್‌ಗೆ ಕಳಿಸಬೇಕು, ಅರ್ಜಿಯ ಉದ್ದ ಎಷ್ಟು ಅಂತೆಲ್ಲ ನಿರ್ಧಾರ ಮಾಡುತ್ತೆ. ಆಮೇಲೆ ಬಳಕೆದಾರನ ಮೆಮೊರಿಗೆ ಮತ್ತೆ ಹೋಗಿ ಪೂರ್ತಿ ಅರ್ಜಿಯನ್ನು ನಕಲು ಮಾಡಿಕೊಳ್ಳುತ್ತೆ. ಅದರಲ್ಲಿ ಆಜ್ಞೆಯ ಸಂಖ್ಯೆ ಇನ್ನೊಂದು ಸಲ ಬರುತ್ತೆ.

ಈ ಎರಡು ಓದಿನ ನಡುವೆ ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಸಮಯ. ಆದರೆ ಅಷ್ಟರಲ್ಲೇ ಬಳಕೆದಾರನ ಇನ್ನೊಂದು ಥ್ರೆಡ್ ಆ ಸಂಖ್ಯೆಯನ್ನು ಬದಲಾಯಿಸಬಹುದು. ಆ ಮೆಮೊರಿ ಅವನದೇ ತಾನೇ, ಯಾರೂ ಕೇಳೋ ಹಾಗಿಲ್ಲ. ಹಾಲ್ ಟಿಕೆಟ್ ತೋರಿಸಿ ಒಳಗೆ ಬಂದದ್ದು ಒಬ್ಬ, ಬೆಂಚಲ್ಲಿ ಕೂತು ಪರೀಕ್ಷೆ ಬರೆದದ್ದು ಇನ್ನೊಬ್ಬ. ಬಾಗಿಲಲ್ಲಿ ನಡೆದ ತಪಾಸಣೆ ವ್ಯರ್ಥ.

ತಿದ್ದುಪಡಿ ಒಂದು ಹೋಲಿಕೆ ಮಾತ್ರ. ಎರಡನೇ ಸಲ ಓದಿದ ಆಜ್ಞೆ ಮೊದಲ ಸಲ ಓದಿದ ಆಜ್ಞೆಗೆ ಸಮ ಇದೆಯಾ? ಇಲ್ಲದಿದ್ದರೆ ಅರ್ಜಿ ತಿರಸ್ಕೃತ. ನಿಯಮವಾಗಿ ಹೇಳೋದಾದರೆ: ಬಳಕೆದಾರನ ಮೆಮೊರಿಯಿಂದ ಒಂದೇ ಸಲ ನಕಲು ಮಾಡಿಕೊಳ್ಳಿ, ಆ ನಕಲನ್ನೇ ಪರೀಕ್ಷೆ ಮಾಡಿ, ಆ ನಕಲನ್ನೇ ಬಳಸಿ. ಎರಡನೇ ಸಲ ಓದಲೇಬೇಕಾದರೆ ಎರಡನೇ ಸಲವೂ ಪರೀಕ್ಷೆ ಮಾಡಿ.

ಸಂಖ್ಯೆ ಬಿಡಿ, ವಿಳಾಸವೇ ಸುಳ್ಳಾದರೆ?

ಇಲ್ಲಿಯವರೆಗೆ ಸಂಖ್ಯೆಯ ಮಾತಾಯಿತು. ಬಳಕೆದಾರ ವಿಳಾಸವನ್ನೂ ಕೊಡ್ತಾನೆ ಅಂದೆನಲ್ಲ, ಅದರ ಕಥೆ ಇನ್ನೂ ಗಂಭೀರ. ಇದು ಡ್ರೈವರ್ ಅಲ್ಲ, ಅದರ ಪಕ್ಕದಲ್ಲೇ ಇರೋ ನೆಟ್‌ವರ್ಕ್ ಪ್ರೋಟೋಕಾಲ್ ಕೋಡ್. ಹೆಸರು ಆರ್‌ಡಿಎಸ್, ಒರಾಕಲ್ ಕಂಪನಿ ತಯಾರಿಸಿದ್ದು. ಡೇಟಾಬೇಸ್ ಸರ್ವರ್‌ಗಳು ತಮ್ಮೊಳಗೆ ವೇಗವಾಗಿ ಮಾತಾಡೋಕೆ ಬಳಸೋ ದಾರಿ.

2010ರ ಅಕ್ಟೋಬರ್‌ನಲ್ಲೇ ಡ್ಯಾನ್ ರೋಸೆನ್‌ಬರ್ಗ್ ಅನ್ನೋ ಸಂಶೋಧಕ ಇದರಲ್ಲಿನ ಲೋಪವನ್ನು ಬಯಲಿಗೆ ತಂದರು. ಬಂದ ಸಂದೇಶವನ್ನು ಎಲ್ಲಿಗೆ ನಕಲು ಮಾಡಬೇಕು ಅಂತ ಬಳಕೆದಾರ ಒಂದು ವಿಳಾಸ ಕೊಡ್ತಾನೆ. ಆ ವಿಳಾಸ ನಿಜವಾಗಿಯೂ ಬಳಕೆದಾರನ ಕೋಣೆಯದ್ದಾ ಅಂತ ಕರ್ನಲ್ ನೋಡಬೇಕು. ಆರ್‌ಡಿಎಸ್ ಕೋಡ್ ನೋಡ್ತಾ ಇರಲಿಲ್ಲ. ಹಾಗಾಗಿ ಬಳಕೆದಾರ ಕರ್ನಲ್‌ನದ್ದೇ ಮೆಮೊರಿಯ ವಿಳಾಸ ಕೊಟ್ಟರೆ, ಕರ್ನಲ್ ತನ್ನ ಕೈಯಾರೆ ತನ್ನ ಮೇಲೆಯೇ ಬರೆದುಕೊಳ್ಳುತ್ತಿತ್ತು. ಏನು ಬರೀಬೇಕು ಅನ್ನೋದನ್ನೂ ಬಳಕೆದಾರನೇ ತೀರ್ಮಾನ ಮಾಡಬಹುದಿತ್ತು. ಅಲ್ಲಿಂದ ರೂಟ್ ಆಗೋದು ಕೆಲವೇ ಹೆಜ್ಜೆ. 2.6.30ರಿಂದ 2.6.36ರ ಅಂತಿಮ ಪೂರ್ವ ಆವೃತ್ತಿಯವರೆಗಿನ ಕರ್ನಲ್‌ಗಳಲ್ಲಿ ಈ ಲೋಪ ಇತ್ತು.

'ನಾವು ಆರ್‌ಡಿಎಸ್ ಬಳಸೋದೇ ಇಲ್ಲ' ಅಂತ ಸುಮ್ಮನಿರೋ ಹಾಗೂ ಇರಲಿಲ್ಲ. ಯಾರಾದರೂ ಆ ಬಗೆಯ ಸಾಕೆಟ್ ಕೇಳಿದ ತಕ್ಷಣ ಕರ್ನಲ್ ಆ ಮಾಡ್ಯೂಲನ್ನು ತಾನಾಗಿಯೇ ತಂದು ಕೂರಿಸುವಂತೆ ಹಲವು ವಿತರಣೆಗಳು ಹೊಂದಿಸಿದ್ದವು. ನೀವು ಬಳಸದ ಬಾಗಿಲು ಅಂದ ಮಾತ್ರಕ್ಕೆ ಅದು ಮುಚ್ಚಿದೆ ಅಂತ ಅರ್ಥ ಅಲ್ಲ.

ಪರೀಕ್ಷೆ ಬಿಟ್ಟುಹೋದದ್ದು ಹೇಗೆ ಗೊತ್ತಾ? ವೇಗಕ್ಕಾಗಿ. ನಕಲು ಮಾಡೋದಕ್ಕೆ ಕರ್ನಲ್‌ನಲ್ಲಿ ಕಾಪಿ ಟು ಯೂಸರ್ ಅನ್ನೋ ಫಂಕ್ಷನ್ ಇದೆ, ಅದು ವಿಳಾಸವನ್ನು ಪರೀಕ್ಷೆ ಮಾಡಿಯೇ ಬರೆಯುತ್ತೆ. ಅದರ ಹಿಂದೆ ಪರೀಕ್ಷೆ ಇಲ್ಲದ ಒಂದು ಒಳರೂಪ ಇದೆ. ಪರೀಕ್ಷೆಯನ್ನು ಮೊದಲೇ ಮುಗಿಸಿದವರು ಮಾತ್ರ ಅದನ್ನು ಬಳಸಬೇಕು. ಆರ್‌ಡಿಎಸ್ ಕೋಡ್ ಆ ಒಳರೂಪವನ್ನು ನೇರವಾಗಿ ಕರೆದಿತ್ತು. ಲಿನಸ್ ಟೊರ್ವಾಲ್ಡ್ಸ್ ತಾವೇ ಇದನ್ನು ಸರಿಪಡಿಸಿದರು. ಆ ಜಾಗಕ್ಕೆ ಎಲ್ಲರೂ ಬಳಸೋ ಸಾದಾ ಫಂಕ್ಷನ್ ಹಾಕಿ, ಹಳೆಯ ದಾರಿ ಇವತ್ತಿನ ಪ್ರೊಸೆಸರ್‌ಗಳಲ್ಲಿ ನಿಧಾನವೇ ಅಂತ ವಿವರಿಸಿದರು. ಅಂದ್ರೆ ವೇಗದ ಹೆಸರಲ್ಲಿ ಭದ್ರತೆ ಹೋಯಿತು, ವೇಗವೂ ಸಿಗಲಿಲ್ಲ.

ಇದಕ್ಕೂ ನಿಮ್ಮ ಫೋನ್‌ಗೂ ಏನು ಸಂಬಂಧ?

ಆಂಡ್ರಾಯ್ಡ್‌ನ ತಳದಲ್ಲಿ ಇರೋದು ಇದೇ ಲಿನಕ್ಸ್ ಕರ್ನಲ್. ಅದರ ಮೇಲೆ ನಿಮ್ಮ ವೈಫೈ ಚಿಪ್, ಕ್ಯಾಮೆರಾ, ಗ್ರಾಫಿಕ್ಸ್, ಎಲ್ಲಕ್ಕೂ ಚಿಪ್ ತಯಾರಕರು ಬರೆದ ಡ್ರೈವರ್‌ಗಳು. ಆಂಡ್ರಾಯ್ಡ್‌ನಲ್ಲಿ ವರದಿಯಾಗೋ ಕರ್ನಲ್ ಲೋಪಗಳಲ್ಲಿ ಬಹುಪಾಲು ಡ್ರೈವರ್‌ಗಳಲ್ಲಿದ್ದು, ಅವುಗಳಿಗೆ ದಾರಿ ಐಆಕ್ಟಲ್ ಅಂತ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡ 2016ರಲ್ಲೇ ಹೇಳಿತ್ತು. ಅದೇ ವರ್ಷ ಬಂದ ಆಂಡ್ರಾಯ್ಡ್ 7, ಅಂದ್ರೆ ನೂಗಟ್‌ನಲ್ಲಿ, ಸಾಮಾನ್ಯ ಆಪ್‌ಗಳು ನೆಟ್‌ವರ್ಕ್ ಸಾಕೆಟ್ ಮೇಲೆ ಬಳಸಬಹುದಾದ ಐಆಕ್ಟಲ್ ಆಜ್ಞೆಗಳನ್ನು ಒಂದು ಚಿಕ್ಕ ಪಟ್ಟಿಗೆ ಇಳಿಸಿದರು. ಟಾರ್ಚ್ ಆಪ್‌ಗೆ ನೆಟ್‌ವರ್ಕ್ ಕಾರ್ಡ್‌ನ ನಿಯಮ ತಗೊಂಡು ಏನಾಗಬೇಕಿದೆ? ಬಾಗಿಲೇ ಬೇಡ.

ಇದು ಒಳ್ಳೆಯ ಎರಡನೇ ಗೋಡೆ. ಆದರೆ ಡ್ರೈವರ್ ಒಳಗಿನ ಪರೀಕ್ಷೆಗೆ ಇದು ಬದಲಿ ಆಗಲ್ಲ. ಪಟ್ಟಿಯಲ್ಲಿ ಉಳಿದ ಆಜ್ಞೆಗಳಿಗೂ ಯಾರೋ ಸಂಖ್ಯೆ ಕೊಡ್ತಾರಲ್ಲ.

ಬರೀ ಫೋನ್ ಬಳಸೋರಿಗೆ ನನ್ನದು ಒಂದೇ ಮಾತು. ಸೆಟ್ಟಿಂಗ್ಸ್‌ಗೆ ಹೋಗಿ, ಆಂಡ್ರಾಯ್ಡ್ ಸೆಕ್ಯೂರಿಟಿ ಅಪ್‌ಡೇಟ್ ದಿನಾಂಕ ನೋಡಿ. ಗೂಗಲ್ ಪ್ರಕಟಿಸೋ ಭದ್ರತಾ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕರ್ನಲ್ ಮತ್ತು ಚಿಪ್ ತಯಾರಕರ ಡ್ರೈವರ್ ಲೋಪಗಳಿಗೇ ಬೇರೆ ವಿಭಾಗ ಇರುತ್ತೆ. 'ಆಮೇಲೆ ಮಾಡ್ತೀನಿ' ಅಂತ ನೀವು ಮುಂದೂಡೋ ಅಪ್‌ಡೇಟ್‌ನಲ್ಲಿ ಇವತ್ತು ಹೇಳಿದಂಥ ಒಂದು ಸಾಲಿನ ತಿದ್ದುಪಡಿ ಇರಬಹುದು. ನಿಮ್ಮ ಯುಪಿಐ ಆಪ್ ಎಷ್ಟೇ ಭದ್ರವಾಗಿದ್ದರೂ ಅದರ ಕೋಣೆಯ ಗೋಡೆ ಕರ್ನಲ್ ಕಟ್ಟಿದ್ದೇ.

ಕೋಡ್ ಬರೆಯೋರಿಗೆ

ಎಂಜಿನಿಯರಿಂಗ್ ಓದ್ತಾ ಇರೋರು, ಎಂಬೆಡೆಡ್ ಕಂಪನಿಗಳಲ್ಲಿ ಡ್ರೈವರ್ ಬರೆಯೋರು ತುಂಬಾ ಜನ ಕೇಳ್ತಾ ಇರ್ತೀರಿ. ನಿಮಗಾಗಿ ಈ ಕಥೆಯಿಂದ ಐದು ಪ್ರಶ್ನೆ. ಬಳಕೆದಾರನಿಂದ ಬಂದ ಪ್ರತಿ ಮೌಲ್ಯಕ್ಕೂ ಕೇಳ್ಕೊಳ್ಳಿ.

ಒಂದು, ಇದನ್ನು ಗುಣಿಸಿದರೆ, ಕೂಡಿಸಿದರೆ ಮೀಟರ್ ತಿರುಗುತ್ತಾ? ಎರಡು, ಪರೀಕ್ಷೆ ಬಳಕೆಗೆ ಮೊದಲೇ ಆಗ್ತಾ ಇದೆಯಾ, ಆಮೇಲೆ ಆಗ್ತಾ ಇದೆಯಾ? ಮೂರು, ಹೊರಗೆ ಕೊಡೋ ಮೆಮೊರಿಯಲ್ಲಿ ನಾನು ಬರೆಯದ ಬೈಟ್ ಇದೆಯಾ? ನಾಲ್ಕು, ಪರೀಕ್ಷೆ ಮಾಡಿದ್ದೂ ಬಳಸ್ತಾ ಇರೋದೂ ಒಂದೇ ನಕಲಾ? ಐದು, ಈ ವಿಳಾಸ ನಿಜವಾಗಿ ಅವನದ್ದಾ?

ಇದನ್ನೆಲ್ಲ ನೆನಪಲ್ಲೇ ಇಟ್ಟುಕೊಂಡು ಕೈಯಾರೆ ಬರೀಬೇಕಾಗಿಲ್ಲ. ಎಣಿಕೆಯನ್ನೂ ಒಂದೊಂದರ ಗಾತ್ರವನ್ನೂ ಬೇರೆ ಬೇರೆಯಾಗಿ ತಗೊಂಡು, ಮೀಟರ್ ತಿರುಗುತ್ತಾ ಅಂತ ತಾನೇ ನೋಡಿ, ಸೊನ್ನೆ ತುಂಬಿಸಿ ಕೊಡೋ ಕೆ-ಕ್ಯಾಲಕ್ ಫಂಕ್ಷನ್ ಕರ್ನಲ್‌ನಲ್ಲಿದೆ. ಗುಣಾಕಾರ ಉಕ್ಕಿತಾ ಅಂತ ಹೇಳೋ ಸಹಾಯಕ ಫಂಕ್ಷನ್‌ಗಳಿವೆ. ಗೂಗಲ್‌ನ ಸಿಜ್‌ಕಾಲರ್ ಅನ್ನೋ ಸಾಧನ ಅಸಂಬದ್ಧ ಸಂಖ್ಯೆಗಳನ್ನು ಹಗಲು ರಾತ್ರಿ ಸಿಸ್ಟಮ್ ಕಾಲ್‌ಗಳಿಗೆ ಎಸೆದು ಕರ್ನಲ್ ಎಲ್ಲಿ ಮುರಿಯುತ್ತೆ ಅಂತ ಹುಡುಕುತ್ತೆ. ಸಭ್ಯ ಗಿರಾಕಿ ಯಾವತ್ತೂ ಕೊಡದ ಇನ್‌ಪುಟ್ ಅದು ಕೊಡುತ್ತೆ, ಅದೇ ಅದರ ಉಪಯೋಗ.

2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಿಂದ ರಸ್ಟ್ ಭಾಷೆಗೂ ಕರ್ನಲ್‌ನಲ್ಲಿ ಜಾಗ ಸಿಕ್ಕಿದೆ. ರಸ್ಟ್‌ನಲ್ಲಿ ಡಬ್ಬಿಯ ಅಂಚು ದಾಟಿ ಬರೆಯೋಕೆ ಭಾಷೆಯೇ ಬಿಡಲ್ಲ, ಹಾಗಾಗಿ ನಿಯು ಡ್ರೈವರ್‌ನಂಥ ತಪ್ಪು ಬಹುಮಟ್ಟಿಗೆ ತಪ್ಪುತ್ತೆ. ಆದರೆ ಆಜ್ಞೆಯನ್ನು ಎರಡು ಸಲ ಓದಿ ಮೊದಲನೇದಕ್ಕೆ ಅನುಮತಿ ನೋಡಿ ಎರಡನೇದನ್ನು ನಡೆಸಿದರೆ ಯಾವ ಭಾಷೆಯೂ ತಡೆಯಲ್ಲ. ಅದು ಬರೆಯೋರ ಜವಾಬ್ದಾರಿ.

ಇವತ್ತಿನ ಮಾತನ್ನು ಒಂದೇ ಸಾಲಲ್ಲಿ ಹೇಳಿಬಿಡ್ತೀನಿ. ಪರೀಕ್ಷೆ ಇದೆ ಅಂದರೆ ಸಾಲದು, ಅದು ಯಾವಾಗ ನಡೆಯುತ್ತೆ ಮತ್ತು ಯಾವ ನಕಲಿನ ಮೇಲೆ ನಡೆಯುತ್ತೆ ಅನ್ನೋದೇ ಎಲ್ಲ. ನಾಲ್ಕು ತಿದ್ದುಪಡಿಗಳಲ್ಲಿ ಯಾವುದೂ ದೊಡ್ಡದಲ್ಲ, ಎಲ್ಲ ಬೆರಳೆಣಿಕೆಯ ಸಾಲುಗಳು. ಆದರೂ ಒಂದೇ ಆಜ್ಞೆಯ ದಾರಿಯಲ್ಲಿ ನಾಲ್ಕನ್ನೂ ಕಂಡುಹಿಡಿಯೋಕೆ 2018ರ ತನಕ ಕಾಯಬೇಕಾಯಿತು.

ಪ್ರಶ್ನೆ ಇದ್ದರೆ ಕಾಮೆಂಟ್‌ನಲ್ಲಿ ಬರೀರಿ. ಡ್ರೈವರ್ ಬರೆಯೋ ಗೆಳೆಯರು ಇದ್ದರೆ ಅವರಿಗೂ ಕಳಿಸಿ.